ಮುನ್ಸಿಫ್ ಸಾಹೇಬರು ಚೂರಿ ಕೂಡಿಟ್ಟದ್ದು

ಚಾಕು ಚೂರಿಗಳನ್ನು ಕೂಡಿಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಸರ್ಕಾರವೇ ನನ್ನನ್ನು ಆ ಕೆಲಸಕ್ಕೆ ಹಚ್ಚಿತು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ರಾಯಚೂರಿನಲ್ಲಿ ಕೋರ್ಟಿನ ಗುಮಾಸ್ತನಾಗಿ ನೌಕರಿಗೆ ಸೇರಿದೆ. ನಮ್ಮೂರು ಚಂದ್ರಬಂಡ, ಮನೆಯವರೆಲ್ಲ ಕುರಿ ಕಾಯುವವರು. ಮಗನಿಗೆ ಮೇಜು, ಕುರ್ಚಿ, ತಲೆಯ ಮೇಲೆ ಫ್ಯಾನು ಸಿಗುತ್ತದೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಸಿಕ್ಕಿದ್ದು ಕಿಟಕಿ ಇಲ್ಲದ ಒಂದು ಕೋಣೆಯ ಕೀಲಿಕೈ. ಕಾಗದಪತ್ರಗಳಲ್ಲಿ ಅದಕ್ಕೆ ಮುದ್ದೆಮಾಲು ಕೋಣೆ ಎಂದು ಹೆಸರು. ಹಳಬರು ಮಾಲ್‌ಖಾನೆ ಎನ್ನುತ್ತಿದ್ದರು. ಪೊಲೀಸರು ಪ್ರಕರಣಗಳಲ್ಲಿ ಹಿಡಿದು ತಂದ ಸಾಮಾನುಗಳನ್ನು ತೀರ್ಪು ಬರುವವರೆಗೆ ಕಾಯುವುದು ನನ್ನ ಕೆಲಸ. ಅಪ್ಪ ಕುರಿ ಕಾಯುತ್ತಿದ್ದ, ನಾನು ಕೊಡಲಿ ಕಾಯತೊಡಗಿದೆ. ಕುರಿಗಳಾದರೆ ಬೆಳಗಾದ ಮೇಲೆ ಹೊರಗೆ ಹೋಗುತ್ತವೆ.

ಈಗ ಹೊಸದಾಗಿ ಕೋರ್ಟಿಗೆ ಸೇರಿದ ಹುಡುಗರು ಮದುವೆ ಮುಂಜಿಗಳಲ್ಲಿ ಸಿಕ್ಕಾಗ, “ಕಾಕಾ, ದಿನಾ ಆ ಕೋಣ್ಯಾಗ ಕುಂತು ಏನ್ ಮಾಡ್ತಿದ್ರಿ?” ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ವಯಸ್ಸಾದಂತೆ ಎಲ್ಲರಿಗೂ ಬರುತ್ತವೆ, ನರೆಗೂದಲು ಬಂದ ಹಾಗೆ.

ಕೆಲಸ ಹೀಗಿರುತ್ತಿತ್ತು. ಒಂದು ಕೊಡಲಿ ಬಂದರೆ ಅದರ ಕಾವಿಗೆ ಬಟ್ಟೆಯ ಚೀಟಿ ಕಟ್ಟಬೇಕು, ಚೀಟಿಯ ಮೇಲೆ ಪ್ರಕರಣದ ಸಂಖ್ಯೆ ಬರೆಯಬೇಕು, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಬೇಕು. ಚೀಟಿ ಇದ್ದರೆ ಅದು ಸಾಕ್ಷ್ಯ, ಚೀಟಿ ಹೋದರೆ ಗುಜರಿ. ನನಗಿಂತ ಮೊದಲು ಒಂದು ಕೋರ್ಟಿನಲ್ಲಿ ಇಲಿಗಳು ಅಂಟಿನ ಆಸೆಗೆ ಎರಡು ಕೊಡಲಿಗಳ ಚೀಟಿ ತಿಂದಿದ್ದವಂತೆ. ಆಗಿನ ಗುಮಾಸ್ತ ದೇವರ ಮೇಲೆ ಭಾರ ಹಾಕಿ ಹೊಸ ಚೀಟಿ ಕಟ್ಟಿದ. ಕೊಡಲಿಗಳು ಅದಲುಬದಲಾದವು. ಎರಡೂ ಪ್ರಕರಣಗಳ ಸಾಕ್ಷಿಗಳು ಕಟಕಟೆಗೆ ಬಂದು, ತಮ್ಮ ಮುಂದೆ ಹಿಡಿದ ಕೊಡಲಿಯನ್ನು ನೋಡಿ, ಇದೇ ಕೊಡಲಿ, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ಪ್ರಮಾಣ ಮಾಡಿ ಹೇಳಿದರು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ಇದನ್ನು ನನಗೆ ಹೇಳಿದ ಹಿರಿಯರು ಕಾನೂನಿನ ಮೇಲೆ ಬಹಳ ನಂಬಿಕೆ ಇಟ್ಟವರಾಗಿದ್ದರು.

ಎಂಬತ್ತರ ದಶಕದ ನಡುವಿಗೆ ಪ್ಲಾಸ್ಟಿಕ್ ಚೀಲಗಳು ಬಂದವು. ಬಟ್ಟೆ, ಅರಗು ಎಲ್ಲ ಹಳೆಯದಾಯಿತು, ಇನ್ನು ಮುಂದೆ ಆಯುಧಗಳನ್ನು ಗಾಳಿ ಸೋಕದಂತೆ ಚೀಲದಲ್ಲಿ ಕಟ್ಟಿಡಬೇಕು ಎಂದು ಮೇಲಿನಿಂದ ಸುತ್ತೋಲೆ ಬಂತು. ಕಟ್ಟಿಟ್ಟೆವು. ಮಳೆಗಾಲದಲ್ಲಿ ಚೀಲದೊಳಗೆ ಬೆವರು ಕಟ್ಟಿ ಚೂರಿಗಳೆಲ್ಲ ತುಕ್ಕು ಹಿಡಿದವು. ಬಟ್ಟೆ ಸುತ್ತಿದ್ದ ಕಾಲದಲ್ಲಿ ಹತ್ತು ವರ್ಷದ ಹಳೆಯ ಚೂರಿಯೂ ನಿನ್ನೆ ಕೊಂಡದ್ದರಂತೆ ಇರುತ್ತಿತ್ತು. ಆಮೇಲೆ, ತುಕ್ಕು ಯಾಕೆ ಹಿಡಿಯಿತೆಂದು ವಿವರಣೆ ಕೇಳಿ ಇನ್ನೊಂದು ಸುತ್ತೋಲೆ ಬಂತು.

ಇರಲಿ. ನಾನು ಹೇಳಬೇಕೆಂದಿರುವುದು ದೇವದುರ್ಗದ ಮಾತು. ಎಪ್ಪತ್ತರ ದಶಕದ ಕೊನೆಗೆ ನನಗೆ ಅಲ್ಲಿಗೆ ವರ್ಗವಾಯಿತು. ಅಲ್ಲಿ ಶಿರಸ್ತೇದಾರರು ಭೀಮರಾಯರು. ಕಚೇರಿಯ ಹಿರಿಯ ಅಧಿಕಾರಿ. ಉರ್ದುವಿನಲ್ಲಿ ಓದಿದವರು, ಕನ್ನಡ ಬರೆದರೂ ಅದು ಉರ್ದುವಿನಂತೆಯೇ ಕಾಣುತ್ತಿತ್ತು, ಬಲದಿಂದ ಎಡಕ್ಕೆ ಬರೆಯುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಬರುವ ಹೋಗುವ ಮುನ್ಸಿಫರನ್ನೆಲ್ಲ, ಅಂದರೆ ತಾಲ್ಲೂಕು ಕೋರ್ಟಿನ ನ್ಯಾಯಾಧೀಶರನ್ನೆಲ್ಲ, ನೋಡಿ ಅವರು ಒಂದು ಸಿದ್ಧಾಂತ ಕಟ್ಟಿಕೊಂಡಿದ್ದರು: ನಮ್ಮ ಕಡೆ ಬಂದ ಸಾಹೇಬರಿಗೆ ಆರು ತಿಂಗಳೊಳಗೆ ಏನಾದರೂ ಒಂದು ಹುಚ್ಚು ಹತ್ತಲೇಬೇಕು. ಒಬ್ಬರು ಗುಲಾಬಿ ಬೆಳೆಸಲು ಹೋಗಿ ಮೇ ತಿಂಗಳಲ್ಲಿ ಅತ್ತರು. ಇನ್ನೊಬ್ಬರು ಜಾತಕ ನೋಡತೊಡಗಿ, ಕಕ್ಷಿದಾರರ ಹುಟ್ಟಿದ ನಕ್ಷತ್ರ ಕೇಳುತ್ತಿದ್ದರು.

ಆಮೇಲೆ ಬಂದವರು ನಾಗಭೂಷಣಯ್ಯನವರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಮೀಸೆ ಇನ್ನೂ ಚಿಕ್ಕದು. ಬಂದ ವಾರವೇ ಮುದ್ದೆಮಾಲು ಕೋಣೆಯ ತಪಾಸಣೆ ಎಂದರು. ಬೇರೆ ಸಾಹೇಬರು ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, “ಎಲ್ಲಾ ಸರಿ ಅದ ಅಲ್ಲ?” ಎಂದು ಹೋಗುತ್ತಿದ್ದರು. ಇವರು ಒಳಗೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಕುರಿ ಕೊಯ್ಯುವ ಚೂರಿ, ಸೇಂದಿ ಇಳಿಸುವವರ ಅಗಲ ಕತ್ತಿ, ಊರುಗೋಲಿನೊಳಗೆ ಅಡಗಿದ ಗುಪ್ತಿ, ಅರಬರ ಬಾಗಿದ ಜಂಬಿಯಾ ಎಲ್ಲವನ್ನೂ ಒಂದೊಂದಾಗಿ ದೀಪದ ಬೆಳಕಿಗೆ ಹಿಡಿದು ನೋಡಿದರು.

“ಇವೆಲ್ಲ ಎಲ್ಲಿ ಮಾಡಿದ್ದು, ಬೀರಪ್ಪ?” ಎಂದು ಕೇಳಿದರು.

“ಎಲ್ಲಿ ಮಾಡಿದ್ದು ಗೊತ್ತಿಲ್ರೀ ಸರ,” ಎಂದೆ. “ಎಲ್ಲಿ ಹೊಡದಿದ್ದು ಅಂತ ಬೇಕಂದ್ರ ಹೇಳ್ತೀನಿ.”

ಅವರು ನಗಲಿಲ್ಲ. ಜಂಬಿಯಾದ ಹಿಡಿಯ ಮೇಲಿನ ಬೆಳ್ಳಿಯ ಕೆಲಸವನ್ನು ಬೆರಳಿನಿಂದ ಸವರುತ್ತಾ ಬಹಳ ಹೊತ್ತು ಕೂತರು. ಹೊರಗೆ ಬಂದ ಮೇಲೆ ಭೀಮರಾಯರು ನನ್ನ ಕಿವಿಯಲ್ಲಿ, “ಹತ್ತಿತು ನೋಡು. ಇವರಿಗೆ ವಾರಕ್ಕೇ ಹತ್ತಿತು,” ಎಂದರು.

ಸಾಹೇಬರು ಬಹಳ ಪ್ರಾಮಾಣಿಕರು. ಅದೇ ಮುಂದಿನ ಎಲ್ಲ ಗೋಳಿಗೂ ಕಾರಣ. ಬೇರೆ ಯಾರಾದರೂ ಆಗಿದ್ದರೆ, ಕೋಣೆಯಲ್ಲಿ ಬಿದ್ದದ್ದರಲ್ಲಿ ಚೆಂದದ್ದೆರಡು ಆರಿಸಿಕೊಂಡು ಸುಮ್ಮನಾಗುತ್ತಿದ್ದರು. ಇವರು ನನ್ನನ್ನು ಕರೆದು, “ಇಲ್ಲಿನ ಒಂದು ಮೊಳೆಯೂ ನನಗೆ ಬೇಡ. ಹೊರಗೆ ಕೊಂಡು ಸಂಗ್ರಹ ಮಾಡೋಣ. ಈ ಸೀಮೆಯ ಚೂರಿಗಳನ್ನೆಲ್ಲ ಒಂದೆಡೆ ಸೇರಿಸಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ಲವೇ?” ಎಂದರು. ಚೆನ್ನಾಗಿರುವುದು ಯಾಕೆ ಎಂದು ನನಗೆ ತಿಳಿಯಲಿಲ್ಲ. ನಾನು ಆಗಲೇ ಏಳೆಂಟು ವರ್ಷದಿಂದ ಅವನ್ನು ಒಂದೆಡೆ ಸೇರಿಸಿಟ್ಟುಕೊಂಡು ಕೂತವನು. ಆದರೂ, “ಹೌದ್ರಿ ಸರ,” ಎಂದೆ. ಇದು ನೌಕರಿಯಲ್ಲಿ ನಾನು ಬೇಗ ಕಲಿತ ವಾಕ್ಯ.

ಮೊದಲ ಸಲ ರಾಯಚೂರಿಗೆ ಮೀಟಿಂಗಿಗೆ ಹೋದಾಗ ಅವರು ಪೇಟೆಯ ಪಾತ್ರೆ ಅಂಗಡಿಯಲ್ಲಿ ಮೂರು ಚಾಕು ಕೊಂಡು ತಂದರು. ಫಳಫಳ ಹೊಳೆಯುತ್ತಿದ್ದವು. ನಾವು ತಿರುಗಿಸಿ ನೋಡಿದರೆ ಮೂರರ ಮೇಲೂ ದೂರದ ಯಾವುದೋ ಕಾರ್ಖಾನೆಯ ಮುದ್ರೆ. ಒಂದು ಅವರ ಹೆಂಡತಿಗೆ ಹೋಯಿತು, ಒಂದರಿಂದ ಬೆರಳು ಕೊಯ್ದುಕೊಂಡರು, ಮೂರನೆಯದರಿಂದ ಭೀಮರಾಯರು ಪೆನ್ಸಿಲ್ ಹೆರೆಯತೊಡಗಿದರು. ಆಮೇಲೆ ಒಬ್ಬ ಕುರಿಗಾರನಿಂದ ಒಂದು ಒಳ್ಳೆಯ ಚೂರಿ ಕೊಂಡರು. ಅದು ಹಾಳಾಗಬಾರದೆಂದು ಚಮ್ಮಾರನ ಹತ್ತಿರ ಹೊಸ ತೊಗಲಿನ ಒರೆ ಹೊಲಿಸಿ, ಅದರಲ್ಲಿ ತೂರಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮಳೆಗಾಲ ಮುಗಿದು ತೆಗೆದರೆ ಚೂರಿ ಒರೆ ಬಿಟ್ಟು ಬರಲಿಲ್ಲ. ತೊಗಲು ನೀರು ಹೀರಿ ಕಬ್ಬಿಣಕ್ಕೆ ಕುಡಿಸಿತ್ತು. ಮುಂದಿನ ಚೂರಿಗೆ ಕೊಬ್ಬರಿ ಎಣ್ಣೆ ಹಚ್ಚಿದರು, ಇರುವೆ ಬಂದವು. ಹೊಸದಾಗಿ ಚೂರಿ ಕೂಡಿಡಬೇಕೆನ್ನುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಒರೆ ಬೇರೆ ಇಡಿ, ಚೂರಿ ಬೇರೆ ಇಡಿ, ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಹಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ. ಇದನ್ನು ಕಲಿಯಲು ನಮಗೆ ಎರಡು ಮಳೆಗಾಲ ಹಿಡಿಯಿತು.

ಒಂದು ರಜೆಯ ದಿನ ಸಾಹೇಬರು ಕುಟುಂಬ ಸಮೇತ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಗುಡಿಗೆ ಹೋದರು. ದಾರಿ ತೋರಿಸಲು ನಾನೂ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಕೂತಿದ್ದ ಒಂದಿಬ್ಬರು ಹಿರಿಯರನ್ನು ಅವರು, “ನಿಮ್ಮ ಕಡೆ ಹಳೆಯ ಚಾಕು ಚೂರಿ ಇದ್ದರೆ ಹೇಳಿ,” ಎಂದು ಬಹಳ ವಿನಯದಿಂದ ಕೇಳಿದರು. ಜಡ್ಜ್ ಸಾಹೇಬರು ವಿನಯದಿಂದ ಕೇಳಿದ್ದೇ ಜನಕ್ಕೆ ಅನುಮಾನ ತಂದಿತು. ಸುದ್ದಿ ಪಕ್ಕದ ಹಳ್ಳಿಗೆ ಮುಟ್ಟುವಷ್ಟರಲ್ಲಿ ಅದು ಆರ್ಡರ್ ಆಗಿತ್ತು. ಮುಂದಿನ ವಾರ ಕೋರ್ಟಿನ ಮುಂದೆ ಒಂದು ಚಕ್ಕಡಿ ಬಂದು ನಿಂತಿತು. ಅದರಲ್ಲಿ ಒಂದು ಗೋಣಿಚೀಲ, ಚೀಲದ ತುಂಬ ಊರವರ ಈಳಿಗೆ, ಚಾಕು, ಉಸ್ತರಾ. ಚಕ್ಕಡಿಯ ಹಿಂದೆ ನಡೆದು ಬಂದ ಜನ.

ಸಾಹೇಬರು ಹೊರಗೆ ಬಂದಾಗ ಒಬ್ಬ ಮುದುಕಿ ಮುಂದೆ ಬಂದು, “ಯಪ್ಪಾ, ಸರ್ಕಾರ ಕೇಳೇದಂದ್ರ ಕೊಡ್ತೀವಿ. ನಾಳಿ ಬದ್ನಿಕಾಯಿ ಹಲ್ಲಿಲೇ ಹೆಚ್ಚಬೇಕೇನು, ಅದೊಂದು ಹೇಳಿಬಿಡು,” ಎಂದಳು.

ಅವಳ ಹಿಂದೆ ನಿಂತ ಕ್ಷೌರಿಕ, “ನನ್ನ ಉಸ್ತರಾ ಅಷ್ಟು ವಾಪಸ್ ಕೊಡ್ರಿ. ಊರಾಗ ಮದಿವಿ ಅದ, ಮದುಮಗ ಗಡ್ಡ ಬಿಟ್ಕೊಂಡು ಕುಂತಾನ,” ಎಂದ.

ಸಾಹೇಬರ ಮುಖ ಕೆಂಪಾಯಿತು. ತಾವೇ ಚೀಲ ಬಿಚ್ಚಿ, ಒಬ್ಬೊಬ್ಬರ ಸಾಮಾನು ಒಬ್ಬೊಬ್ಬರ ಕೈಗೆ ಕೊಟ್ಟು, ತಪ್ಪಾಯಿತು ಎಂದರು. ಜನ ಇನ್ನೂ ಹೆದರಿದರು. ಸರ್ಕಾರ ಕಿತ್ತುಕೊಂಡದ್ದನ್ನು ಕಂಡವರಿದ್ದರು, ತಪ್ಪಾಯಿತು ಎಂದದ್ದನ್ನು ಕಂಡವರು ಇರಲಿಲ್ಲ.

ಅದೇ ಹೊತ್ತಿಗೆ ಮಾನ್ವಿಯ ಮುನ್ಸಿಫರ ಜಾಗ ಖಾಲಿಯಾಗಿ, ನಮ್ಮ ಸಾಹೇಬರಿಗೆ ಅಲ್ಲಿನ ಪ್ರಭಾರವನ್ನೂ ಕೊಟ್ಟರು. ವಾರದಲ್ಲಿ ಎರಡು ದಿನ ಜೀಪಿನಲ್ಲಿ ಮಾನ್ವಿಗೆ ಹೋಗಬೇಕು, ಕಡತ ಹೊತ್ತುಕೊಂಡು ನಾನೂ ಜೊತೆಗೆ. ಅಲ್ಲಿ ಸಂತೆ ಬಯಲಿನ ಪಕ್ಕದಲ್ಲಿ ಕಂಬಾರ ಮೌನೇಶನ ಕುಲುಮೆ ಇತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಾಹೇಬರು ಅಲ್ಲಿ ಹೋಗಿ ನಿಲ್ಲತೊಡಗಿದರು. ಮೌನೇಶ ಐವತ್ತರ ಆಸುಪಾಸಿನವನು. ಹೆಸರು ಮೌನೇಶ ಅಷ್ಟೇ, ಬಾಯಿ ಒಂದು ಗಳಿಗೆ ಮುಚ್ಚುತ್ತಿರಲಿಲ್ಲ.

“ಹಳೇದು ಬೇಕೇನ್ರಿ, ಹೊಸದು ಬೇಕೇನ್ರಿ?” ಎಂದು ಕೇಳಿದ.

“ಹಳೆಯದು,” ಎಂದರು ಸಾಹೇಬರು.

“ಎಷ್ಟು ಹಳೇದು ಬೇಕ್ರಿ?”

ಆ ಪ್ರಶ್ನೆ ಕೇಳಿದಾಗಲೇ ನಮಗೆ ಎಚ್ಚರ ಆಗಬೇಕಿತ್ತು. ಇಬ್ಬರಿಗೂ ಆಗಲಿಲ್ಲ. ಒಂದು ವಾರ ಕೇಳಿದರೆ ಮುಂದಿನ ವಾರ ಮೌನೇಶ ಅಟ್ಟದಿಂದ ಏನಾದರೊಂದು ಇಳಿಸುತ್ತಿದ್ದ. ಕಪ್ಪು ಹತ್ತಿದ ಅಲಗು, ಸವೆದ ಹಿಡಿ. ಇದು ನಮ್ಮ ಮುತ್ಯಾ ಮಾಡಿದ್ದು, ಇದು ಮುತ್ಯಾನ ಅಪ್ಪ ಮಾಡಿದ್ದು ಎಂದು ಅಜ್ಜ ಮುತ್ತಜ್ಜರ ವಂಶವನ್ನೇ ಬಿಚ್ಚುತ್ತಿದ್ದ. ಸಾಹೇಬರು ಅದನ್ನು ಕೈಯಲ್ಲಿ ಹಿಡಿದು, “ನೋಡು ಬೀರಪ್ಪ, ಕಾಲ ಇದರ ಮೇಲೆ ಹೇಗೆ ಕೂತಿದೆ,” ಎನ್ನುತ್ತಿದ್ದರು. ಕೋರ್ಟಿನಲ್ಲಿ ಸಾಕ್ಷಿ ಎಂಜಲು ನುಂಗಿದ್ದನ್ನು ನೋಡಿ ಸುಳ್ಳು ಹಿಡಿಯುವ ಮನುಷ್ಯ ಅವರು. ಕುಲುಮೆಯ ಮುಂದೆ ಮಾತ್ರ ಹೇಳಿದ್ದನ್ನೆಲ್ಲ ನಂಬುತ್ತಿದ್ದರು.

ಚೂರಿಗಳು ಹತ್ತಿಪ್ಪತ್ತಾದವು. ಮನೆಯಲ್ಲಿ ಇಡಲು ಹೆಂಡತಿ ಬಿಡಲಿಲ್ಲ, ಕೂಸು ತೆವಳುವ ಮನೆ. ಆದ್ದರಿಂದ ಸಾಹೇಬರು ಅವನ್ನು ಕೋರ್ಟಿನ ತಮ್ಮ ಚೇಂಬರಿಗೆ ತಂದು, ಕುರ್ಚಿಯ ಹಿಂದಿನ ಗೋಡೆಗೆ ಹಲಗೆ ಹೊಡೆಸಿ, ಸಾಲಾಗಿ ತೂಗು ಹಾಕಿದರು. ಇದರಿಂದ ಕಚೇರಿಗೆ ಲಾಭವೇ ಆಯಿತು. ಚೇಂಬರಿಗೆ ಬಂದು ತಾಸುಗಟ್ಟಲೆ ಕೊರೆಯುತ್ತಿದ್ದ ವಕೀಲರು ನಿಂತಲ್ಲೇ ಎರಡು ಮಾತಾಡಿ ಹೋಗತೊಡಗಿದರು.

ಇಷ್ಟರಲ್ಲಿ ಹನುಮಂತನ ಪ್ರಕರಣ ವಿಚಾರಣೆಗೆ ಬಂತು.

ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅಲ್ಲಿ ಶಿವಪ್ಪ ಎಂಬ ಸಣ್ಣ ರೈತ. ಜೋಳ ಕೊಯ್ಯುವ ದಿನಗಳಲ್ಲಿ, ಹೊತ್ತು ಮುಳುಗುವಾಗ, ಅವನು ಹೊಲದಿಂದ ಬರುವ ದಾರಿಯಲ್ಲಿ ಮುಖಕ್ಕೆ ಟುವಾಲು ಸುತ್ತಿದ ಒಬ್ಬ ಅವನ ತೋಳು ಸೀಳಿ ಓಡಿಹೋದ. ಅದರ ಹಿಂದಿನ ದಿನ ಅವನ ಹೊಲದಲ್ಲಿ ಕೂಲಿಗೆ ಬಂದಿದ್ದ ಹನುಮಂತನಿಗೂ ಅವನಿಗೂ ಬಾಯಿಮಾತಿನ ಜಗಳ ಆಗಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಹನುಮಂತನನ್ನು ಹಿಡಿದರು, ಅವನ ಗುಡಿಸಲಿನ ಮಾಡಿಗೆ ಸಿಕ್ಕಿಸಿದ್ದ ಕುಡಗೋಲನ್ನು ತಂದು ನನಗೆ ಕೊಟ್ಟರು. ಜಾಮೀನು ನಿಲ್ಲುವವರು ಯಾರೂ ಇಲ್ಲದೆ ಅವನು ರಾಯಚೂರಿನ ಜೈಲಿನಲ್ಲಿ ಕೂತ.

ವಿಚಾರಣೆಯ ದಿನ ವಿಪರೀತ ಸೆಕೆ, ಕರೆಂಟ್ ಬೇರೆ ಹೋಗಿತ್ತು. ಗಾಳಿ ಬರಲೆಂದು ಜವಾನ ನ್ಯಾಯಪೀಠದ ಹಿಂದಿನ ಚೇಂಬರಿನ ಪರದೆಯನ್ನು ಎತ್ತಿ ಕಟ್ಟಿದ್ದ. ಶಿವಪ್ಪ ಸಾಕ್ಷಿ ಕಟಕಟೆಗೆ ಬಂದ. ನಾನು ಕುಡಗೋಲನ್ನು ಒಯ್ದು ಸರ್ಕಾರಿ ವಕೀಲರ ಕೈಗೆ ಕೊಟ್ಟೆ.

“ನಿನಗೆ ಹೊಡೆದದ್ದು ಇದರಿಂದಲೇ ಅಲ್ಲವೇ?” ಎಂದು ವಕೀಲರು ಕೇಳಿದರು.

“ಅಲ್ರೀ.”

“ಸರಿಯಾಗಿ ನೋಡಿ ಹೇಳು.”

“ನೋಡೀನ್ರಿ. ಇದು ಜ್ವಾಳಾ ಕೊಯ್ಯೋ ಕುಡಗೋಲು. ನನ್ನ ಹೊಡದಿದ್ದು ಚೂರಿ. ಪೊಲೀಸ್ರಿಗೂ ಚೂರಿ ಅಂತನ ಹೇಳಿದ್ದೆ. ಅವ್ರು ಏನ್ ಬರಕೊಂಡಾರೋ ನನಗ ಓದಾಕ ಬರಂಗಿಲ್ಲ.”

ಸಾಹೇಬರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಆ ಚೂರಿ ಹೇಗಿತ್ತು?”

“ಜಿಂಕಿ ಕೊಂಬಿನ ಹಿಡಿ ರೀ. ಹಿಡಿಗೆ ಹಿತ್ತಾಳಿ ಉಂಗುರ ಎರಡು, ಅದರಾಗ ಒಂದು ಒಡದಿತ್ತು. ನಾ ಅವನ ಕೈ ಗಟ್ಟಿ ಹಿಡಕೊಂಡೆ. ಆ ಒಡಕು ನನ್ನ ಅಂಗೈಗೆ ನೆಟ್ಟೇದ, ನೋಡ್ರಿ.” ಅವನು ಅಂಗೈ ಚಾಚಿದ. ಹೆಬ್ಬೆರಳಿನ ಬುಡದಲ್ಲಿ ಕೊಕ್ಕೆಯಂಥ ಒಂದು ಕಲೆ ಇತ್ತು. ಕೈ ಚಾಚಿದವನು ಹಾಗೆಯೇ ನಿಂತ. ಅವನ ಕಣ್ಣು ಸಾಹೇಬರ ಹೆಗಲ ಮೇಲಿಂದ ಹಿಂದಕ್ಕೆ ಹೋಗಿತ್ತು.

“ಯಾಕೆ, ಏನಾಯಿತು?” ಎಂದರು ಸಾಹೇಬರು.

“ಸಾಹೇಬ್ರ, ಅದು ಅಲ್ಲಿ ಅದ ರೀ. ನಿಮ್ಮ ಗ್ವಾಡಿ ಮ್ಯಾಲ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಆರೋಪಿಯ ಜಾಗದಲ್ಲಿ ನಿಂತಿದ್ದ ಹನುಮಂತ ಬಗ್ಗಿ ಬಗ್ಗಿ ನೋಡತೊಡಗಿದ. ಸಾಹೇಬರು ತಿರುಗಿ ನೋಡಲಿಲ್ಲ. ಅವರಿಗೆ ನೋಡುವ ಅಗತ್ಯವಿರಲಿಲ್ಲ. ಜಿಂಕೆ ಕೊಂಬಿನ ಹಿಡಿಯ ಆ ಚೂರಿ ಅವರ ಸಂಗ್ರಹದಲ್ಲೇ ಅವರಿಗೆ ಬಹಳ ಪ್ರೀತಿಯದು. ನಿಜಾಮರ ಸರದಾರನೊಬ್ಬನಿಗೆ ತನ್ನ ಮುತ್ಯಾ ಮಾಡಿಕೊಟ್ಟದ್ದೆಂದು ಮೌನೇಶ ಹೇಳಿ ಕೊಟ್ಟಿದ್ದ.

ಹತ್ತು ನಿಮಿಷ ಬಿಡುವು ಎಂದು ಹೇಳಿ ಅವರು ಚೇಂಬರಿಗೆ ಎದ್ದರು. ನನ್ನನ್ನೂ ಭೀಮರಾಯರನ್ನೂ ಒಳಗೆ ಕರೆದರು. ಭೀಮರಾಯರು ಮೊದಲು ಪರದೆ ಬಿಟ್ಟು, ಆಮೇಲೆ ದನಿ ತಗ್ಗಿಸಿದರು.

“ಸಾಹೇಬ್ರ, ಇವತ್ತು ಮುಂದಿನ ತಾರೀಖು ಕೊಟ್ಟುಬಿಡ್ರಿ. ಗ್ವಾಡಿ ಖಾಲಿ ಮಾಡ್ಸೋಣು. ಹಳ್ಳಿ ಮನಷ್ಯಾ, ಅವಗ ಎಲ್ಲಾ ಚೂರಿನೂ ಒಂದ ಕಾಣ್ತಾವ. ಈ ಮಾತು ದಾಖಲಾತಂದ್ರ ನಿಮ್ಮ ಹೆಸರು ರಾಯಚೂರು ತನಕ ಹೋಗ್ತದ. ನಿಮ್ಮ ನೌಕರಿ ಇನ್ನೂ ಭಾಳ ಅದ.”

ಅವರು ಕೆಟ್ಟದ್ದಕ್ಕೆ ಹೇಳಿದ ಮಾತಲ್ಲ. ಅನೇಕ ಸಾಹೇಬರನ್ನು ಅವರು ಹೀಗೆ ಉಳಿಸಿದ್ದರು.

ಸಾಹೇಬರು ಗೋಡೆಯಿಂದ ಆ ಚೂರಿಯನ್ನು ಇಳಿಸಿ, ಒಡೆದ ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿದರು. “ನಾನು ಇದನ್ನು ಹಳೆಯ ಕಾಲದ ಸವೆತ ಅಂದುಕೊಂಡಿದ್ದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆ ಹನುಮಂತ ಯಾವಾಗಿನಿಂದ ಒಳಗಿದ್ದಾನೆ?” ಎಂದು ಕೇಳಿದರು.

“ಜ್ವಾಳಾ ಕೊಯ್ಯೋವಾಗ ಹಿಡದಾರ್ರೀ. ಈಗ ಮುಂಗಾರಿ ಬಿತ್ತಾಕತ್ತಾರ,” ಎಂದೆ.

ಅವರು ಹೊರಗೆ ಹೋಗಿ ಪೀಠದಲ್ಲಿ ಕೂತರು. ಶಿವಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ, ‘ನ್ಯಾಯಾಧೀಶರ ಚೇಂಬರಿನ ಗೋಡೆಯ ಮೇಲೆ’ ಎಂಬುದನ್ನೂ ಸೇರಿಸಿ, ಬರೆದರು. ಹನುಮಂತನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ ಅಂದೇ ಬಿಡುಗಡೆ ಮಾಡಿದರು. ತಾವು ಈ ಪ್ರಕರಣದಲ್ಲಿ ಸಾಕ್ಷಿಯಾಗಬೇಕಾಗಿ ಬಂದಿರುವುದರಿಂದ ಇದನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಬೇಕೆಂದು ಜಿಲ್ಲಾ ನ್ಯಾಯಾಧೀಶರಿಗೆ ಕಾಗದ ಬರೆದರು. ಕೊನೆಗೆ ಚೂರಿಯನ್ನು ನನ್ನ ಮೇಜಿನ ಮೇಲಿಟ್ಟು, “ಮುದ್ದೆಮಾಲಿಗೆ ಸೇರಿಸಿಕೋ,” ಎಂದರು.

ನಾನು ಪೆನ್ನು ಹಿಡಿದು ಕೂತೆ. ಒಂದು ಜಾಗ ತುಂಬಲು ಕೈ ಏಳಲಿಲ್ಲ. “ಸರ, ಯಾರಿಂದ ವಶಪಡಿಸಿಕೊಂಡಿದ್ದು ಅಂತ ಬರೀಬೇಕ್ರಿ.”

“ನನ್ನಿಂದ,” ಎಂದು ಅವರು ತಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ ಎಲ್ಲವನ್ನೂ ಹೇಳಿದರು. ದೊಂಬಿ ಪ್ರಕರಣದಲ್ಲಿ ಸಿಕ್ಕವರು ಹೇಳುವಂತೆ, ಕೈ ಕಟ್ಟಿಕೊಂಡು ನಿಂತೇ ಹೇಳಿದರು.

ರಾಯಚೂರಿನಲ್ಲಿ ವಿಚಾರಣೆ ನಡೆದ ದಿನ ನಾನೇ ಚೂರಿಯನ್ನೂ ಕುಡಗೋಲನ್ನೂ ಬಸ್ಸಿನಲ್ಲಿ ಒಯ್ದಿದ್ದೆ. ಕೋರ್ಟಿನ ಹೊರಗೆ ಜವಾನ ಸಾಹೇಬರ ಹೆಸರನ್ನು ಮೂರು ಸಲ ಕೂಗಿದ. ಅವನಿಗೆ ಆ ಹೆಸರಿನ ಹಿಂದೆ ‘ಹಾಜರ್ ಹೋ’ ಎನ್ನಬೇಕೋ ಬೇಡವೋ ತಿಳಿಯದೆ ಮೂರನೆಯ ಸಲ ಬರೀ ಹೆಸರು ಕೂಗಿ ಬಾಗಿಲ ಹಿಂದೆ ಸರಿದ. ಸಾಹೇಬರು ಎಲ್ಲರಂತೆ ಕಟಕಟೆ ಹತ್ತಿ ಪ್ರಮಾಣ ಮಾಡಿದರು. ಪಾಟೀಸವಾಲಿನಲ್ಲಿ ವಕೀಲರೊಬ್ಬರು, “ತಮಗೆ ಹಳೆಯ ಚೂರಿಗಳ ವಿಷಯದಲ್ಲಿ ಪರಿಣತಿ ಇದೆಯೇ?” ಎಂದು ಕೇಳಿದರು.

“ಇದೆ ಎಂದುಕೊಂಡಿದ್ದೆ,” ಎಂದರು ಸಾಹೇಬರು.

ಅವರ ನಂತರ ಮೌನೇಶ ಬಂದ. ಹಿಂದಿನ ಸಾಲಿನಲ್ಲಿ ಶಿವಪ್ಪನ ಹಳ್ಳಿಯ ಗೌಡರ ಕಡೆಯ ನಾಲ್ಕು ಜನ ಕೂತು ಅವನನ್ನೇ ನೋಡುತ್ತಿದ್ದರು. ಅವರು ಯಾಕೆ ಬಂದಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ. ಸರ್ಕಾರಿ ವಕೀಲರು ಚೂರಿಯನ್ನು ಅವನ ಮುಂದೆ ಹಿಡಿದು, “ಇದು ಎಷ್ಟು ವರ್ಷದ ಹಳೆಯದು?” ಎಂದು ಕೇಳಿದರು.

ಮೌನೇಶ ಒಮ್ಮೆ ಹಿಂದಿನ ಸಾಲನ್ನು, ಒಮ್ಮೆ ನಮ್ಮ ಸಾಹೇಬರನ್ನು ನೋಡಿದ. “ಮಾರೋವಾಗ ನೂರು ವರ್ಷ ರೀ,” ಎಂದ. “ಪ್ರಮಾಣ ಮಾಡಿದ ಮ್ಯಾಲ ನಾಕು.”

ಆಮೇಲೆ ಎಲ್ಲ ಹೇಳಿದ. ಚೂರಿ ಅವನೇ ಮಾಡಿದ್ದು. ಆ ಗೌಡರ ಮಗನ ಬೀಗರ ಮನೆ ಮಾನ್ವಿಯಲ್ಲಿ. ಅಲ್ಲಿಗೆ ಬಂದಾಗ ಅವನು ಹೇಳಿ ಮಾಡಿಸಿಕೊಂಡು ಹೋಗಿದ್ದ. ಜೋಳದ ಸುಗ್ಗಿಯಲ್ಲಿ ಒಂದು ದಿನ ಅದೇ ಚೂರಿಯನ್ನು ತಂದು, ಇದನ್ನು ನನ್ನ ಮುಂದೆಯೇ ಕರಗಿಸು ಎಂದ. ಕುಲುಮೆ ಆರಿದೆ, ನಾಳೆ ಕರಗಿಸುತ್ತೇನೆ ಎಂದು ಮೌನೇಶ ಇಟ್ಟುಕೊಂಡ.

“ಯಾಕೆ ಕರಗಿಸಲಿಲ್ಲ?” ಎಂದು ನ್ಯಾಯಾಧೀಶರೇ ಕೇಳಿದರು.

“ಹಿಡಿ ಚಲೋ ಇತ್ರಿ. ಸಾಹೇಬ್ರು ಬರೋ ದಿನ ಬ್ಯಾರೆ ಇತ್ತು. ಹುಣಸಿ ರಸದಾಗ ಉಪ್ಪು ಕಲಸಿ ನೆನಿ ಹಾಕಿ, ತಿಪ್ಪ್ಯಾಗ ಹುಗದು ತೆಗದ್ರ ಎಂಥಾ ಅಲಗಿಗೂ ವಯಸ್ಸಾಗ್ತದ ರೀ. ಅದನ್ನೂ ಹಂಗ ಮಾಡಿದೆ.” ಅವನು ನಮ್ಮ ಸಾಹೇಬರ ಕಡೆ ಕೈ ಮುಗಿದ. “ಅವ್ರಿಗೆ ಹೇಳಿದ್ದು ಎಲ್ಲಾ ಸುಳ್ಳ ರೀ. ನಮ್ಮ ಮುತ್ಯಾ ಕಬ್ಬಿಣ ಮುಟ್ಟಿದಾಂವ ಅಲ್ಲ, ಕಟಗಿ ಕೆತ್ತೋ ಬಡಿಗ್ಯಾ.”

ಇಷ್ಟು ಹೇಳಿ ಅವನು ಕಟಕಟೆ ಇಳಿದ. ಗೌಡರ ಕಡೆಯವರು ಎದ್ದು ಹೊರಗೆ ಹೋದರು. ಆ ದಿನ ಸಂಜೆ ಮಾನ್ವಿಯ ಬಸ್ಸಿನಲ್ಲಿ ಮೌನೇಶನ ಪಕ್ಕದಲ್ಲಿ ಸಾಹೇಬರೇ ಕೂತರು, ಅವನನ್ನು ಅವನ ಮನೆಯವರೆಗೂ ಬಿಟ್ಟು ಬಂದರು. ಹೆದರಿಕೆ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹನುಮಂತ ಖುಲಾಸೆಯಾದ. ಗೌಡರ ಮಗನ ಮೇಲೆ ಹೊಸ ಪ್ರಕರಣ ಆಯಿತು. ಅದರಲ್ಲಿ ನ್ಯಾಯ ಹೇಗಾಯಿತೆಂದು ಕೇಳುವ ಹೊಸ ಹುಡುಗರಿಗೆ ನಾನು ಹೇಳುವುದಿಷ್ಟು: ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, ಹೇಳಿದ ಮಾತಿಗೆ ನಿಂತವರು ಶಿವಪ್ಪ ಮತ್ತು ಮೌನೇಶ ಇಬ್ಬರೇ, ಇಬ್ಬರ ಮಾತು ಸಾಲಲಿಲ್ಲ. ಮೌನೇಶನನ್ನಂತೂ, ನೂರು ವರ್ಷದ ಸುಳ್ಳು ಹೇಳಿದವನೆಂದು ಎದುರಿನ ವಕೀಲರು ಅವನ ಬಾಯಿಂದಲೇ ಹೇಳಿಸಿ ಕೂರಿಸಿದರು. ಗೌಡರ ಮಗನೂ ಖುಲಾಸೆ. ಆದರೆ ಅವನು ಶಿವಪ್ಪನ ಹೊಲದ ದಾರಿಗೆ ಮತ್ತೆ ಅಡ್ಡ ಬರಲಿಲ್ಲ. ಅವನಿಗೂ ಶಿವಪ್ಪನಿಗೂ ಇದ್ದ ಹಳೆಯ ಜಗಳದ ಮೂಲ ಅದೇ ದಾರಿ ಆಗಿತ್ತು.

ನಮ್ಮ ಸಾಹೇಬರಿಗೆ ಮೇಲಿನಿಂದ ಶಿಕ್ಷೆಯೂ ಬರಲಿಲ್ಲ, ಶಹಬ್ಬಾಸೂ ಬರಲಿಲ್ಲ. ನ್ಯಾಯಾಧೀಶರು ಚೇಂಬರಿನ ಗೋಡೆಗಳ ಮೇಲೆ ಸ್ವಂತ ವಸ್ತುಗಳನ್ನು ತೂಗು ಹಾಕಬಾರದೆಂದು ಜಿಲ್ಲೆಯ ಎಲ್ಲ ಕೋರ್ಟುಗಳಿಗೂ ಒಂದು ಸುತ್ತೋಲೆ ಬಂತು. ಭೀಮರಾಯರು ಅದನ್ನು ಗಟ್ಟಿಯಾಗಿ ಓದಿ, ಕಚೇರಿಯ ಬಾಗಿಲ ಮೇಲೆ ತೂಗು ಹಾಕಿದ್ದ ತಮ್ಮ ಮನೆದೇವರ ಪಟವನ್ನೂ ಇಳಿಸಿದರು. ಅದು ಸ್ವಂತದ್ದು.

ಸಾಹೇಬರಿಗೆ ವರ್ಗವಾದಾಗ ನಾನು ಅವರ ಸಾಮಾನು ಕಟ್ಟಲು ಹೋಗಿದ್ದೆ. ಚೂರಿಗಳನ್ನು ಎಲ್ಲಾದರೂ ಬಾವಿಗೆ ಹಾಕಿಬಿಡು ಎನ್ನುತ್ತಾರೆಂದು ಕಾದೆ. ಅವರು ಅವನ್ನೆಲ್ಲ ಒಂದು ಟ್ರಂಕಿನಲ್ಲಿಟ್ಟುಕೊಂಡು, ನನ್ನನ್ನೂ ಕೂರಿಸಿಕೊಂಡು, ದಾರಿ ಅಲ್ಲದಿದ್ದರೂ ಜೀಪನ್ನು ಮಾನ್ವಿಗೆ ಬಿಡಿಸಿದರು. ಕುಲುಮೆಯ ಮುಂದೆ ಟ್ರಂಕು ಬಿಚ್ಚಿದಾಗ ಮೌನೇಶ ತಲೆ ತಗ್ಗಿಸಿ, “ವಾಪಸ್ ತಗೋತೀನ್ರಿ ಸಾಹೇಬ್ರ,” ಎಂದ.

“ವಾಪಸ್ ಕೊಡಲು ಬಂದಿಲ್ಲ,” ಎಂದರು ಅವರು. “ಎಲ್ಲದರ ಮೇಲೂ ನಿನ್ನ ಹೆಸರು ಕೊರೆದು ಕೊಡು. ಮೌನೇಶ, ಮಾನ್ವಿ ಅಂತ. ಯಾವುದನ್ನು ಯಾರು ಮಾಡಿದ್ದು ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ.”

ಮೌನೇಶ ಕೂತು ಒಂದೊಂದನ್ನೇ ಕೊರೆದ. ಕೊರೆಯುತ್ತಾ, ಕೆಲವು ಅಲಗುಗಳನ್ನು ಪಕ್ಕಕ್ಕಿಟ್ಟು, “ಇದು ಸರಿ ಆಗಿಲ್ರೀ, ಹೆಸರು ಹಾಕೂದು ಬ್ಯಾಡ, ಬ್ಯಾರೇದು ಮಾಡಿಕೊಡ್ತೀನಿ,” ಎಂದ. ಸಾಹೇಬರು ಹೊತ್ತು ಮುಳುಗುವವರೆಗೂ ಅಲ್ಲೇ ಕೂತಿದ್ದರು.

ಅದಾದ ಕೆಲವು ತಿಂಗಳಿಗೆ ನನಗೂ ರಾಯಚೂರಿಗೆ ವರ್ಗವಾಯಿತು. ಹನುಮಂತನ ಪ್ರಕರಣದ ಅಪೀಲಿನ ಅವಧಿ ಮುಗಿದಿತ್ತು. ತೀರ್ಪಿನಲ್ಲಿ ಬರೆದಂತೆ ಕುಡಗೋಲನ್ನು ಅದರ ಮಾಲೀಕನಿಗೆ ಹಿಂತಿರುಗಿಸಬೇಕಿತ್ತು. ಬರೆದು ಕಳಿಸಿದೆ, ಹನುಮಂತ ಬರಲಿಲ್ಲ. ಇಂಥದ್ದನ್ನು ಒಯ್ಯಲು ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಕೋರ್ಟಿನ ಮೆಟ್ಟಿಲು ಇನ್ನೊಮ್ಮೆ ಹತ್ತುವುದಕ್ಕಿಂತ ಹೊಸ ಕುಡಗೋಲು ಅಗ್ಗ. ಆದರೆ ಜೋಳ ಬಲಿತು ನಿಂತ ಒಂದು ದಿನ ಅವನು ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ನನ್ನ ಕುಡಗೋಲು ಅದ ಏನ್ರಿ?” ಎಂದ.

ತೆಗೆದುಕೊಟ್ಟೆ. ತುಕ್ಕು ಹಿಡಿದಿರಲಿಲ್ಲ, ನಮ್ಮ ಸಾಹೇಬರ ಸಂಗ್ರಹಕ್ಕೆ ಎಣ್ಣೆ ಹಚ್ಚುವಾಗ ಇದಕ್ಕೂ ಒಂದು ಕೈ ಸವರಿದ್ದೆ. ಅವನು ಅದನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಬಾಯಿ ಪರೀಕ್ಷಿಸಿದ. ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ. ಕಾವಿಗೆ ಬಟ್ಟೆಯ ಚೀಟಿ ಇನ್ನೂ ಹಾಗೆಯೇ ಇತ್ತು, ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಕೃತ್ಯಕ್ಕೆ ಬಳಸಿದ ಆಯುಧ’ ಎಂದು ಬರೆದಿತ್ತು. ಬಿಚ್ಚಲು ನಾನು ಕೈ ಚಾಚಿದೆ. ಅಷ್ಟರಲ್ಲಿ ಅವನು ದಾರವನ್ನು ಕುಡಗೋಲಿನ ತುದಿಗೆ ಸಿಕ್ಕಿಸಿ ಒಂದೇ ಎಳೆತಕ್ಕೆ ಕೊಯ್ದ. ಅರಗಿನ ಮುದ್ರೆ ಮೇಜಿನ ಮೇಲೆ ಬಿದ್ದು ಒಡೆಯಿತು. ಅವನು ಚೀಟಿಯನ್ನು ಎತ್ತಿ ನನ್ನ ಮುಂದೆ ಇಟ್ಟ.

“ಇದು ನಿಮ್ದು ರೀ,” ಎಂದು ಹೇಳಿ, ಕುಡಗೋಲನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಬಸ್ಸು ಹಿಡಿಯಲು ಹೋದ.